ಬಿಸಿಲುಪೆಟ್ಟಿಗೆ ಮುನಿಸಿಕೊಂಡದ್ದೇಕೆ

ಮಳೆಗಾಲ ಬಂತೆಂದರೆ ಸುಣ್ಣದವರ ಬೀದಿಯಲ್ಲಿ ಕುಂಚಗಳು ಗೂಟಕ್ಕೇರುತ್ತವೆ. ಒದ್ದೆ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ನಾಲ್ಕು ತಿಂಗಳು ಕೈಗೆ ಕೆಲಸವಿಲ್ಲ. ಮನೆಮನೆಯಿಂದಲೂ ಯಾರಾದರೊಬ್ಬರು ದೂರದ ನಗರಕ್ಕೆ ಇಟ್ಟಿಗೆ ಹೊರಲು ಹೋಗಲೇಬೇಕು. ಇಂಥ ಕಷ್ಟ ಬೇಕಾದಷ್ಟು ಊರುಗಳಲ್ಲಿದೆ. ಆದರೆ ಇಂಥ ಬೀದಿ ಮಾತ್ರ ಭೂಮಂಡಲದಲ್ಲಿ ಇನ್ನೊಂದಿಲ್ಲ.

ಅಲ್ಲಿಯ ಬಿಳುಪು ಎಂಥದ್ದೆಂದರೆ, ಹಾಲು ಮಾರುವವಳು ಬೀದಿಗೆ ಕಾಲಿಟ್ಟೊಡನೆ ನಾಚಿಕೊಂಡು ಪಾತ್ರೆಗೆ ಬಟ್ಟೆ ಮುಚ್ಚುತ್ತಿದ್ದಳು. ಎಲ್ಲಿ ಕೊಕ್ಕರೆಗಳಾಗಿಬಿಡುತ್ತೇವೋ ಎಂಬ ಭಯಕ್ಕೆ ಕಾಗೆಗಳು ಆ ಬೀದಿಯ ಮೇಲೆ ಹಾರುತ್ತಲೇ ಇರಲಿಲ್ಲ. ಗೋಡೆ, ಕಟ್ಟೆ, ಮೆಟ್ಟಿಲು, ಮರದ ಬುಡ, ಹೂವಿನ ಕುಂಡ, ಎಲ್ಲಕ್ಕೂ ಸುಣ್ಣ. ಬಿಸಿಲೇರಿದರೂ ಎದ್ದಿರದ ಗಂಡಸರ ಅಂಗಾಲಿಗೂ ಒಮ್ಮೊಮ್ಮೆ ಒಂದು ಕೋಟು ಬಿದ್ದದ್ದುಂಟು.

ಈ ಬಿಳುಪಿಗೆಲ್ಲ ಒಡತಿ ಸುಣ್ಣದತ್ತೆ. ಅವಳ ಸೊಸೆ ಅವಳನ್ನು ಅತ್ತೆ ಎಂದಳು, ಬೀದಿಯೂ ಅತ್ತೆ ಎಂದಿತು, ಕೊನೆಗೆ ಅವಳ ಗಂಡನೂ ಮರೆತು ಒಂದು ಸಲ ಅತ್ತೆ ಎಂದು ಕರೆದು ಎರಡು ಹೊತ್ತು ಊಟ ಕಳೆದುಕೊಂಡಿದ್ದನಂತೆ. ಅವಳು ಗಿರಾಕಿಗಳ ಮುಂದೆ ನಿಂತು ಎರಡೇ ಮಾತು ಹೇಳುತ್ತಿದ್ದಳು. ಒಂದು: "ನಾನು ಬಳಿದ ಸುಣ್ಣ ಏಳು ತಲೆಮಾರಿಗೂ ಬಿಡಲ್ಲ." ಇನ್ನೊಂದು: "ನಾನು ಸುಣ್ಣ ಬಳಿದ ಚಾವಣಿ ಕೆಳಗೆ ಕಡುಬೇಸಿಗೆ ಮಧ್ಯಾಹ್ನ ಮಲಗಿದ್ರೂ ನೀವು ಕಂಬಳಿ ಕೇಳ್ತೀರಿ."

ಇಂಥ ಸುಣ್ಣದತ್ತೆ ಅವತ್ತು ಬೆಳಿಗ್ಗೆ ತನ್ನ ಮನೆಯ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಬಾಗಿಲ ಬಳಿ ಸೊಸೆಯ ಚೀಲ ಸಿದ್ಧವಾಗಿತ್ತು. ಎರಡು ಜೊತೆ ಬಟ್ಟೆ, ಒಂದು ತಟ್ಟೆ, ಮಗುವಿನ ಹಳೆಯ ಟೋಪಿ. ಮಗ ನಗರಕ್ಕೆ ಹೋಗಿ ಆಗಲೇ ತಿಂಗಳಾಗಿತ್ತು. ಒಬ್ಬನ ದುಡಿಮೆ ಸಾಲದು, ಈಗ ಸೊಸೆಯ ಸರದಿ. ಹೋದ ವರ್ಷವೂ ಹೀಗೇ ಹೋಗಿದ್ದಳು. ನಾಲ್ಕು ತಿಂಗಳ ಮೇಲೆ ಅವಳು ಮರಳಿ ಬಂದಾಗ, ಎರಡು ವರ್ಷದ ಮಗಳು ಅವಳನ್ನು ನೋಡಿ ಅಜ್ಜಿಯ ಬೆನ್ನ ಹಿಂದೆ ಅಡಗಿಕೊಂಡಿದ್ದಳು. ಕಾಗೆ ಕೊಕ್ಕರೆಗಳ ಮಾತನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಈ ಮಾತು ಮಾತ್ರ ಇದ್ದದ್ದು ಇದ್ದ ಹಾಗೆ.

ಸೊಸೆ ಕಾಯುತ್ತಿದ್ದದ್ದು ಒಂದು ಲಾರಿಗಾಗಿ. ಬೀದಿಯ ಕೊನೆಯಲ್ಲಿ ನಿಂತಿದ್ದ ಬಿಸಿಲುಪೆಟ್ಟಿಗೆಯನ್ನು ಹಿಂದಕ್ಕೆ ಒಯ್ಯಲು ಆ ಲಾರಿ ಬರುವುದಿತ್ತು. ಹೇಗೂ ನಗರಕ್ಕೇ ಹೋಗುವ ಗಾಡಿ, ಹಿಂದೆ ಕೂತು ಹೋಗಮ್ಮ ಎಂದಿದ್ದರು.

ಬಿಸಿಲುಪೆಟ್ಟಿಗೆ ಎಂದರೆ ಹಣ್ಣು ತರಕಾರಿ ಒಣಗಿಸುವ ಯಂತ್ರ. ಕಡಲಾಚೆಯ ಎಂಜಿನಿಯರುಗಳೂ ನಮ್ಮ ಕಡೆಯವರೂ ಸೇರಿ ಮಾಡಿದ್ದು. ಹೋದ ವರ್ಷ ಮಳೆಗಾಲದ ಮೊದಲಲ್ಲಿ ಹೆಂಗಸರ ಸಂಘಕ್ಕೆ ಕೊಟ್ಟಿದ್ದರು. ಗುಡ್ಡದ ಕೆಳಗೆ ಬಾಳೆ, ಪಪ್ಪಾಯಿ ಹಣ್ಣಾಗಿ ಕೊಳೆಯುತ್ತಿದ್ದವು. ಅದನ್ನು ಹೆಚ್ಚಿ ಒಣಗಿಸಿದರೆ ಪೇಟೆಯ ಅಂಗಡಿಯವನು ಎಷ್ಟಿದ್ದರೂ ಕೊಡಿ ಎನ್ನುತ್ತಿದ್ದ. ಎಂಟು ದಿನ ಪೆಟ್ಟಿಗೆ ಚಿನ್ನದಂತೆ ಕೆಲಸ ಮಾಡಿತು. ಒಂಬತ್ತನೆಯ ದಿನ ಇದ್ದಕ್ಕಿದ್ದಂತೆ ನಿಂತುಹೋಯಿತು. ಹಣ್ಣಿಗೆ ಬೂಷ್ಟು ಬಂತು. ಅಲ್ಲಿಂದೀಚೆಗೆ ಅದರ ಮೇಲೆ ಬೀದಿಯವರು ಒದ್ದೆ ಬಟ್ಟೆ ಹರವುತ್ತಿದ್ದರು. ಆ ಬಟ್ಟೆಯೂ ಒಣಗುತ್ತಿರಲಿಲ್ಲ.

ಲಾರಿ ಬಂತು. ಅದರಿಂದ ಇಳಿದವಳು ಒಬ್ಬ ಎಂಜಿನಿಯರಮ್ಮ. ಜೇಬಲ್ಲಿ ಮೂರು ಸ್ಕ್ರೂಡ್ರೈವರು, ನೆತ್ತಿಯ ಮೇಲೆ ಕನ್ನಡಕ, ಬಾಯಲ್ಲಿ ನಿಮಿಷಕ್ಕೆ ನೂರ ಹನ್ನೆರಡು ಪ್ರಶ್ನೆ. ಕೈಲಿದ್ದ ಕಾಗದದಲ್ಲಿ 'ಇಲ್ಲಿ ಕೆಲಸ ಮಾಡುವುದಿಲ್ಲ' ಎಂದು ಬರೆದಿತ್ತು. ಅವಳು ಹಗ್ಗ ಬಿಚ್ಚಲಿಲ್ಲ. ಪೆಟ್ಟಿಗೆಯ ಸುತ್ತ ಮೂರು ಸುತ್ತು ಹಾಕಿದಳು.

"ಇದು ಯಾವತ್ತು ನಿಂತಿತು?"

"ಲಾರಿ ತಂದಿದ್ದೀರಿ, ಹಗ್ಗ ತಂದಿದ್ದೀರಿ. ಎತ್ತಿಕೊಂಡು ಹೊರಡಿ ತಾಯಿ, ಪ್ರಶ್ನೆ ಯಾಕೆ?" ಎಂದಳು ಸುಣ್ಣದತ್ತೆ.

"ಹೊರೋಕ್ಕೆ ಮುಂಚೆ ನಾಡಿ ನೋಡಬೇಕಲ್ವಾ ಅಮ್ಮ? ಇನ್ನೂ ಉಸಿರಿದ್ರೆ?"

ಸುಣ್ಣದತ್ತೆಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡಳು. "ನಿಮ್ಮಂಥವರು ಎಷ್ಟು ಜನ ಬಂದಿಲ್ಲ? ಬರ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಇದನ್ನ ಇಟ್ಟೋನು ಕಡಲಾಚೆ ಮನುಷ್ಯ. ಎತ್ತರ ಅಂದ್ರೆ ಎತ್ತರ. ನಾವು ಕೆಳಗಿಂದ ಕೇಳಿದ್ದು ಅವನ ಕಿವಿಗೆ ಮುಟ್ಟೋ ಹೊತ್ತಿಗೆ ಅವನು ವಿಮಾನ ಹತ್ತಿದ್ದ. ಒಂದು ಪುಸ್ತಕ ಕೊಟ್ಟ. ನಾಲ್ಕು ಭಾಷೆಲಿದೆ, ನಮ್ಮದೊಂದು ಬಿಟ್ಟು."

"ಪುಸ್ತಕ ಎಲ್ಲಿದೆ?"

"ಅಡಿಗೆಮನೆ ಬಾಗಿಲು ಬಡ್ಕೊಳ್ತಿತ್ತು. ಅದರ ಕೆಳಗಿದೆ."

ಎಂಜಿನಿಯರಮ್ಮ ನಕ್ಕುಬಿಟ್ಟಳು. ಬೇಜಾರು ಮಾಡಿಕೊಳ್ಳಬೇಕಾದಲ್ಲಿ ನಗುವ ಎಂಜಿನಿಯರನ್ನು ಸುಣ್ಣದತ್ತೆ ನೋಡಿದ್ದು ಅದೇ ಮೊದಲು. ಸ್ವಲ್ಪ ಹತ್ತಿರಕ್ಕೆ ಬಂದಳು. ಸೊಸೆಯೂ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಳು. ಮೂಲೆಮನೆಯ ತಗಡಣ್ಣ, ಕೊಡ ಡಬ್ಬ ಬೆಸುಗೆ ಹಾಕುವವನು, ಸುತ್ತಿಗೆ ಕೈಯಲ್ಲೇ ಹಿಡಿದುಕೊಂಡು ಬಂದ.

"ಈ ಕಲ್ಲು ಯಾಕಿದೆ ಇಲ್ಲಿ?" ಎಂಜಿನಿಯರಮ್ಮ ಪೆಟ್ಟಿಗೆಯ ಮುಂದಿನ ದೊಡ್ಡ ಕಲ್ಲನ್ನು ತೋರಿಸಿದಳು.

"ಹತ್ತೋಕ್ಕೆ," ಎಂದಳು ಸೊಸೆ. "ಮೇಲಿನ ತಟ್ಟೆ ನಮಗೆ ಎಟುಕಲ್ಲ. ಹೋದ ವರ್ಷ ನಾನು ಎರಡು ಸಲ ಜಾರಿಬಿದ್ದೆ."

"ಕಾಲು ಕತ್ತರಿಸಿದ್ರೆ ಆಗ್ತಿತ್ತಲ್ಲ."

"ನನ್ನದಾ?"

"ಪೆಟ್ಟಿಗೇದು."

ತಗಡಣ್ಣ ಗಂಟಲು ಸರಿಮಾಡಿಕೊಂಡ. "ನಾನು ಅವತ್ತೇ ಹೇಳಿದ್ದೆ. ದಾನದ ಸಾಮಾನು, ಮುಟ್ಟಬಾರದು ಅಂತ ಅತ್ತೆ ಬೈದ್ರು."

"ಈ ಕಿಂಡಿಗಳಿಗೆ ಬಟ್ಟೆ ಯಾಕೆ ತುರುಕಿದ್ದೀರಿ?"

"ಇರುವೆ ಬರ್ತಿದ್ವು. ಸಾಲುಸಾಲಾಗಿ, ದಿಬ್ಬಣ ಬಂದ ಹಾಗೆ," ಎಂದಳು ಸೊಸೆ.

ಎಂಜಿನಿಯರಮ್ಮ ನೆಲದ ಮೇಲೆ ಕೂತು ಕಡ್ಡಿಯಲ್ಲಿ ಚಿತ್ರ ಬರೆದಳು. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ ಹೋಗಬೇಕು. ಗಾಜಿನ ಕೆಳಗಿರುವ ತಗಡು ಬಿಸಿಲಿಗೆ ಕಾದು ಆ ಗಾಳಿಯನ್ನು ಬಿಸಿ ಮಾಡಬೇಕು. ಬಿಸಿಗಾಳಿ ಮೇಲೇರಿ, ಬೀರುವಿನಂಥ ಗೂಡಿನಲ್ಲಿರುವ ಜಾಲರಿ ತಟ್ಟೆಗಳನ್ನು ಹಾದು, ಹಣ್ಣಿನ ತೇವ ಹೊತ್ತುಕೊಂಡು ಚಿಮಣಿಯಿಂದ ಹೊರಗೆ. ವಿದ್ಯುತ್ತು ಬೇಡ, ಸೌದೆ ಬೇಡ.

"ಇಷ್ಟೇನಾ?" ಎಂದಳು ಸುಣ್ಣದತ್ತೆ. "ನಮ್ಮ ಸುಣ್ಣದ ಗೂಡೂ ಹೀಗೇ ಗಾಳಿ ಎಳೆಯತ್ತೆ. ಇದನ್ನ ಹೇಳೋಕ್ಕೆ ನಾಲ್ಕು ಭಾಷೆ ಬೇಕಿತ್ತಾ?"

ಬಟ್ಟೆ ಕಿತ್ತರು. ಗಾಳಿ ಆಡಿತು. ಮೋಡ ಸರಿದು ಬಿಸಿಲೂ ಬಂತು. ಆದರೆ ಪೆಟ್ಟಿಗೆ ಬಿಸಿಯಾಗಲಿಲ್ಲ. ಎಂಜಿನಿಯರಮ್ಮ ಹುಬ್ಬು ಗಂಟಿಕ್ಕಿದಳು. ಗಾಜಿನ ಮೇಲೆ ಬೀದಿಯ ಸುಣ್ಣದ ಪುಡಿ ದಪ್ಪಗೆ ಕೂತಿತ್ತು. ಒರೆಸಿ ಒಳಗೆ ಇಣುಕಿದಳು. ಕಣ್ಣು ಚುಚ್ಚುವಷ್ಟು ಬಿಳುಪು. ನೆತ್ತಿಯಿಂದ ಕನ್ನಡಕ ತಾನಾಗಿಯೇ ಮೂಗಿಗೆ ಇಳಿಯಿತು.

"ಇದು... ಯಾರು ಮಾಡಿದ್ದು?"

"ನಾನೇ." ಸುಣ್ಣದತ್ತೆ ನೆಟ್ಟಗೆ ನಿಂತಳು. "ಫೋಟೋ ತೆಗೆಯೋಕ್ಕೆ ದೊಡ್ಡವರು ಬರ್ತಾರೆ ಅಂದ್ರು. ಒಳಗೆ ನೋಡಿದ್ರೆ ಕರೀ ತಗಡು, ಸೀದ ಬಾಣಲೆ ಥರ. ನಮ್ಮ ಬೀದಿಲಿ ಅಂಥದ್ದು ನಿಲ್ಲಿಸಿಕೊಂಡು ಫೋಟೋ ತೆಗೆಸಿದ್ರೆ ಮರ್ಯಾದೆ ಉಳಿಯತ್ತಾ? ತಗಡಣ್ಣನ ಕೈಲಿ ಗಾಜು ಬಿಚ್ಚಿಸಿ ಮೂರು ಕೋಟು ಎಳೆದೆ. ಹೇಗಿದೆ?"

"ಬಹಳ ಚೆನ್ನಾಗಿದೆ," ಎಂದಳು ಎಂಜಿನಿಯರಮ್ಮ. ಸುಳ್ಳಲ್ಲ, ನಿಜಕ್ಕೂ ಚೆನ್ನಾಗಿತ್ತು. "ಅವತ್ತು ಎಷ್ಟನೇ ದಿನ?"

"ಎಂಟನೇ ದಿನ ಸಂಜೆ," ಎಂದು ಸೊಸೆ ಹೇಳಿದಳು. ಹೇಳಿ, ಅತ್ತೆಯ ಮುಖ ನೋಡಿದಳು.

ಎಂಜಿನಿಯರಮ್ಮ ಬಯ್ಯಲಿಲ್ಲ. ಮತ್ತೊಂದು ಪ್ರಶ್ನೆ ಕೇಳಿದಳು. "ಅಮ್ಮ, ಚಾವಣಿಗೆ ಸುಣ್ಣ ಯಾಕೆ ಬಳೀತೀರಿ?"

ಸುಣ್ಣದತ್ತೆಗೆ ಇಷ್ಟವಾದ ಪ್ರಶ್ನೆ ಅದು. "ತಂಪಿಗೆ. ನಾನು ಬಳಿದ ಚಾವಣಿ ಕೆಳಗೆ ಕಡುಬೇಸಿಗೆ ಮಧ್ಯಾಹ್ನ ಮಲಗಿದ್ರೂ ಕಂಬಳಿ..."

"ಯಾಕೆ ತಂಪಾಗತ್ತೆ?"

ನಲವತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸುಣ್ಣದತ್ತೆ ಯೋಚಿಸಿದಳು. "ಬಿಳಿ ಅನ್ನೋದು ಬಿಸಿಲನ್ನ ಒಳಗೆ ಬಿಟ್ಟುಕೊಳ್ಳಲ್ಲ. ಬಂದ ದಾರೀಲೇ ವಾಪಸ್ ಕಳಿಸಿಬಿಡತ್ತೆ. ಅದಕ್ಕೇ ಚಾವಣಿ ಕಾಯಲ್ಲ, ಅದಕ್ಕೇ ಒಳಗೆ..."

ಅವಳ ಮಾತು ಅಲ್ಲೇ ನಿಂತಿತು. ಪೆಟ್ಟಿಗೆಯ ಕಡೆ ತಿರುಗಿದಳು. ಬೀದಿಯೂ ತಿರುಗಿತು.

ಆದರೂ ಅವಳು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ಬಾಯಿ ಮಾತು ಬೇಡ. ಕೈಗೆ ತೋರಿಸು," ಎಂದಳು.

ತಗಡಣ್ಣ ಎರಡು ತುಂಡು ತಗಡು ತಂದ. ಒಂದು, ಹಳೆಯ ಚಾವಣಿಯದು, ಸುಣ್ಣದತ್ತೆಯೇ ಬಳಿದದ್ದು. ಇನ್ನೊಂದಕ್ಕೆ ಸುಣ್ಣದ ಗೂಡಿನ ಬಾಯಿಯ ಮಸಿ ಬಳಿದರು. ಎರಡನ್ನೂ ಬಿಸಿಲಿಗಿಟ್ಟು ಅರ್ಧ ಗಂಟೆ ಕಾದರು. ಆ ಅರ್ಧ ಗಂಟೆ ಬೀದಿಯಲ್ಲಿ ಯಾರೂ ಕೆಮ್ಮಲಿಲ್ಲ. ಅಳುತ್ತಿದ್ದ ಮಕ್ಕಳು ಅಳುವನ್ನು ಅರ್ಧಕ್ಕೆ ಹಿಡಿದು ನಿಲ್ಲಿಸಿಕೊಂಡವು.

ಸುಣ್ಣದತ್ತೆ ಬಿಳಿ ತಗಡಿನ ಮೇಲೆ ಕೈ ಇಟ್ಟಳು. ಮಗುವಿನ ಕೆನ್ನೆಯಷ್ಟೇ ಬೆಚ್ಚಗಿತ್ತು. ಕರೀ ತಗಡು ಮುಟ್ಟಿ ಚಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡಳು. ಎಂಜಿನಿಯರಮ್ಮ ಉಷ್ಣತೆ ಅಳೆಯುವ ಸಲಕರಣೆ ಹಿಡಿದು ಓದಿದಳು: ಬಿಳಿಯದು ಮೂವತ್ತೇಳು, ಕರಿಯದು ಅರವತ್ತೊಂದು.

ಸುಣ್ಣದತ್ತೆ ಆ ಕಲ್ಲಿನ ಮೇಲೆ ಕೂತುಬಿಟ್ಟಳು. "ಅಂದ್ರೆ ಹೋದ ವರ್ಷ ನನ್ನ ಸೊಸೆಯನ್ನ ಮಗು ಹತ್ತಿರದಿಂದ ಕಳಿಸಿದ್ದು ಮಳೆ ಅಲ್ಲ. ನಾನು."

ಸೊಸೆ ಮಗುವನ್ನು ತಂದು ಅತ್ತೆಯ ತೊಡೆಯ ಮೇಲೆ ಕೂರಿಸಿದಳು.

"ಇರಿ ಅಮ್ಮ," ಎಂದ ಎಂಜಿನಿಯರಮ್ಮ ಫೋನು ತೆಗೆದು ಕಡಲಾಚೆಯ ಎತ್ತರದವನಿಗೆ ಕರೆ ಮಾಡಿದಳು. ಅವನ ಮುಖ ಫೋನಿನಲ್ಲಿ ಅಂಗೈಯಷ್ಟೇ ಇತ್ತು. ಎಷ್ಟು ಎತ್ತರದವನೂ ಅಲ್ಲಿ ಅಷ್ಟೇ. ಅವಳು ಅವನ ಭಾಷೆಯಲ್ಲಿ ಎಲ್ಲ ಹೇಳಿದಳು. ಅವನು ಮೊದಲು ನಕ್ಕ. ಆಮೇಲೆ ನಗು ಬಿಟ್ಟು ತಲೆ ಕೆರೆದುಕೊಂಡ. ಆಮೇಲೆ ಏನೋ ಹೇಳಿದ.

"ಏನಂತೆ?"

"ಇವರು ಏನು ಕೆಲಸ ಮಾಡೋರು ಅಂತ ನಾನು ಕೇಳಲೇ ಇಲ್ಲ ಅಂತಿದ್ದಾರೆ. ಸುಣ್ಣದವರ ಬೀದಿಗೆ ಕರೀ ತಗಡು ತಂದಿಟ್ಟು, ಅದು ಯಾಕೆ ಕಪ್ಪಾಗೇ ಇರಬೇಕು ಅಂತ ಹೇಳದೆ ಹೋದೆ. ಇರುವೆ ಬರತ್ತಾ, ತಟ್ಟೆ ಎಟುಕತ್ತಾ, ಅದನ್ನೂ ಕೇಳಲಿಲ್ಲ. ತಪ್ಪು ನನ್ನದು ಅಂತಿದ್ದಾರೆ."

"ಅರ್ಧ ನನಗೂ ಇರಲಿ ಅಂತ ಹೇಳು," ಎಂದಳು ಸುಣ್ಣದತ್ತೆ. "ಮೂರು ಕೋಟು ಎಳೆದೋಳು ನಾನು."

ಆಮೇಲೆ ಕೆಲಸ ಶುರುವಾಯಿತು. ಸುಣ್ಣ ಕೆರೆಯಬೇಕು, ಅಡಿಯ ಕರೀ ಬಣ್ಣ ಉಳಿಯಬೇಕು. ಎಂಜಿನಿಯರಮ್ಮ ತಿಕ್ಕಿದಳು, ಬರಲಿಲ್ಲ. ಲಾರಿ ಡ್ರೈವರು ತೋಳು ಮಡಚಿ ತಿಕ್ಕಿದ, ಬರಲಿಲ್ಲ. ಏಳು ತಲೆಮಾರಿಗೂ ಬಿಡದ ಸುಣ್ಣ ಅದು. ಒಂದು ವರ್ಷಕ್ಕೆ ಬಿಡುತ್ತದೆಯೇ? ತಗಡಣ್ಣ ಉಳಿ ಎತ್ತಿದ. ಸುಣ್ಣದತ್ತೆ ಅವನ ಕೈ ಹಿಡಿದಳು.

"ಅದನ್ನ ಹಾಕಿದೋಳಿಗೆ ತೆಗೆಯೋದೂ ಗೊತ್ತು. ಸರಿ ಆಚೆ."

ಇಡೀ ಬೀದಿ ನೋಡುತ್ತಿತ್ತು. ಬದುಕಿನಲ್ಲಿ ಎಂದೂ ತಾನು ಬಳಿದದ್ದನ್ನು ತಾನೇ ಅಳಿಸಿದವಳಲ್ಲ ಸುಣ್ಣದತ್ತೆ. ನಿಂಬೆಹುಳಿ ಹಿಂಡಿದ ನೀರು ತರಿಸಿದಳು, ಬಟ್ಟೆ ಅದ್ದಿ ತಗಡಿನ ಮೇಲೆ ಹಾಸಿದಳು, ಕಾದಳು. ಸುಣ್ಣ ಸಣ್ಣಗೆ ನೊರೆಯೊಡೆಯಿತು. ಮೆದು ನಾರಿನಿಂದ ಒರೆಸಿದಲ್ಲೆಲ್ಲ ಕಪ್ಪು ಇಣುಕತೊಡಗಿತು.

"ಇದು ನಮ್ಮ ಕಾಲೇಜಲ್ಲಿ ಹೇಳಿಕೊಡಲಿಲ್ಲ," ಎಂದಳು ಎಂಜಿನಿಯರಮ್ಮ.

"ನಿಮ್ಮ ಕಾಲೇಜಿಗೆ ಸುಣ್ಣ ಯಾರು ಬಳಿದಿದ್ದು?"

"ಗೊತ್ತಿಲ್ಲ."

"ನೋಡು, ನೀನೂ ಕೇಳಲಿಲ್ಲ."

ಕೈ ಕೆಲಸದಲ್ಲಿರುವಾಗ ಸುಣ್ಣದತ್ತೆಗೂ ಪ್ರಶ್ನೆಯ ಚಟ ಹತ್ತಿಕೊಂಡಿತು. "ಒಂದು ಹೇಳು ಮಗಳೇ. ಕಡಲು ದಾಟಿ ಬಂದು ನಮಗೆ ಪೆಟ್ಟಿಗೆ ಯಾಕೆ ಕೊಡ್ತಾರೆ? ನಮ್ಮ ಬಡತನ ಅವರಿಗೇನು?"

"ಗುಡ್ಡದ ಕೆಳಗೆ ಹಣ್ಣು ಕೊಳೀತಿದೆ. ಇಲ್ಲಿ ನಿಮ್ಮ ಸೊಸೆ ಊರು ಬಿಡ್ತಿದ್ದಾಳೆ. ಎರಡರ ನಡುವೆ ಬೇಕಾಗಿರೋದು ಒಂದು ಬಿಸಿ ತಗಡು. ಬೇರೆ ಕಡೆ ಇದೇ ಥರ ಒಂದು ಕಾಲುಸೇತುವೆ ಬೇಕಿರತ್ತೆ, ಇಲ್ಲ ಒಂದು ನೀರಿನ ಪಂಪು. ಅದು ಏನು ಅಂತ ಹುಡುಕೋದು ಎಂಜಿನಿಯರುಗಳ ಕೆಲಸ. ಒಂದು ದೇಶದವರು ಕಲಿತದ್ದು ಇನ್ನೊಂದು ದೇಶಕ್ಕೆ ಆಗತ್ತೆ. ಆದರೆ ಹೊರಗಿಂದ ಬಂದವರಿಗೆ ಅರ್ಧವೇ ಗೊತ್ತಿರತ್ತೆ. ಉಳಿದರ್ಧ ಇಲ್ಲಿರೋರ ಕೈಲಿರತ್ತೆ. ಎರಡೂ ಸೇರದಿದ್ರೆ ಹೀಗೆ, ಬಟ್ಟೆ ಒಣಗಿಸೋಕ್ಕೂ ಬರಲ್ಲ."

ಸಂಜೆಯೊಳಗೆ ತಗಡಣ್ಣ ಪೆಟ್ಟಿಗೆಯ ಕಾಲುಗಳನ್ನು ಒಂದು ಮೊಳ ಕತ್ತರಿಸಿದ. ಕಿಂಡಿಗಳಿಗೆ ಇರುವೆ ನುಸುಳದಷ್ಟು ಸಣ್ಣ ಜಾಲರಿ ಕೂರಿಸಿದ. ಗಾಜು ಬಿಗಿಯುವುದನ್ನು ಸೊಸೆ ಕಲಿತಳು. ಸ್ಪ್ಯಾನರು ಅವಳ ಕೈಗೆ ಹೋದದ್ದು ಮತ್ತೆ ಎಂಜಿನಿಯರಮ್ಮನ ಕೈಗೆ ಬರಲೇ ಇಲ್ಲ.

ಮರುದಿನ ತೆಳ್ಳಗೆ ಹೆಚ್ಚಿದ ಬಾಳೆಹಣ್ಣು ತಟ್ಟೆ ಸೇರಿತು. ಲಾರಿ ಡ್ರೈವರು ಗೊಣಗಿದ. "ಎರಡು ದಿನ ಕಾಯೋಕ್ಕೆ ನನ್ನ ಗಾಡಿ ಏನು ಕೋಳಿಯಾ, ಮೊಟ್ಟೆ ಇಡೋಕ್ಕೆ?" ಸುಣ್ಣದತ್ತೆ ಅವನನ್ನು ತನ್ನ ಚಾವಣಿಯ ಕೆಳಗೆ ಮಲಗಿಸಿದಳು. ಅರ್ಧ ಗಂಟೆಗೆ ಅವನು ಕಂಬಳಿ ಕೇಳಿದ ಎಂದು ಈಗಲೂ ಹೇಳುತ್ತಾಳೆ.

ಮೊದಲ ದಿನ ಮೂರು ಸಲ ಮಳೆ ಬಂತು, ನಾಲ್ಕು ಸಲ ಬಿಸಿಲು ಬಂತು. ಸುಣ್ಣದತ್ತೆ ಹತ್ತು ನಿಮಿಷಕ್ಕೊಮ್ಮೆ ಚಿಮಣಿಯ ಮೇಲೆ ಅಂಗೈ ಹಿಡಿದಳು. ಮಳೆ ಬಂದಾಗ ಬಿಸಿ ಕುಗ್ಗುತ್ತಿತ್ತು, ಬಿಸಿಲು ಬಂದಾಗ ಏರುತ್ತಿತ್ತು.

"ಸುಳ್ಳು ಹೇಳಲ್ಲ ಅತ್ತೆ," ಎಂದಳು ಎಂಜಿನಿಯರಮ್ಮ. ಅವಳೂ ಅಷ್ಟು ಹೊತ್ತಿಗೆ ಅತ್ತೆ ಎನ್ನತೊಡಗಿದ್ದಳು. "ಜಡಿಮಳೆ ಹಿಡಿದ್ರೆ ಇದು ಕೆಲಸ ಮಾಡಲ್ಲ. ಮೋಡವಿದ್ರೆ ನಾಲ್ಕು ದಿನವೂ ಆಗಬಹುದು. ಅಂಥ ವಾರ ಹಣ್ಣು ಕಡಿಮೆ ಹೆಚ್ಚಿ."

ಎರಡನೆಯ ದಿನ ಇಳಿಬಿಸಿಲಿನಲ್ಲಿ ಗೂಡಿನ ಬಾಗಿಲು ತೆಗೆದರು. ಸೊಸೆ ಕಲ್ಲು ಹತ್ತದೆಯೇ ಮೇಲಿನ ತಟ್ಟೆ ಎಳೆದಳು. ಒಂದು ಹೋಳು ಎತ್ತಿ ಬಗ್ಗಿಸಿದಳು. ಮುರಿಯಲಿಲ್ಲ, ಬೆರಳಿಗೆ ಅಂಟಲೂ ಇಲ್ಲ. ಬೂಷ್ಟಿನ ವಾಸನೆ ಇಲ್ಲ. ಅರ್ಧ ಕಚ್ಚಿ, ಉಳಿದರ್ಧ ಮಗಳ ಬಾಯಿಗಿಟ್ಟಳು. ಮಗು ಇನ್ನೊಂದಕ್ಕೆ ಕೈ ಚಾಚಿತು.

ಯಾರೂ ಏನೂ ಹೇಳುವ ಮೊದಲೇ ಸುಣ್ಣದತ್ತೆ ಮನೆಗೆ ನಡೆದಳು. ಬಾಗಿಲ ಬಳಿಯ ಚೀಲ ಎತ್ತಿ ಒಳಗೆ ಹೋಗಿ, ತಟ್ಟೆಯನ್ನು ತಟ್ಟೆಗಳ ಜಾಗಕ್ಕೆ, ಟೋಪಿಯನ್ನು ಗೂಟಕ್ಕೆ ಹಾಕಿ ಬಂದಳು.

"ಅತ್ತೆ, ಜಡಿಮಳೆ ಬಂದ್ರೆ?" ಎಂದಳು ಸೊಸೆ.

"ಬರಲಿ. ಪೇಟೆಯವನಿಗೆ ಸ್ವಲ್ಪ ಕಡಿಮೆ ಹೋಗತ್ತೆ, ಅಷ್ಟೇ. ನೀನು ಹೋಗಲ್ಲ. ಮುಂದಿನ ತಿಂಗಳು ನಿನ್ನ ಗಂಡನಿಗೂ ಬಾ ಅಂತ ಹೇಳಿ ಕಳಿಸೋಣ, ಹಣ್ಣು ಹೊರೋಕ್ಕೆ ಬೆನ್ನು ಬೇಕು."

ಲಾರಿ ಖಾಲಿಯಾಗಿ ಹೊರಟಿತು. ಎಂಜಿನಿಯರಮ್ಮನ ಕಾಗದದಲ್ಲಿ 'ಇಲ್ಲಿ ಕೆಲಸ ಮಾಡುವುದಿಲ್ಲ' ಎಂಬುದರ ಮೇಲೆ ಗೀಟು ಬಿದ್ದಿತ್ತು. ಕೆಳಗೆ 'ನಾವು ಕೇಳಿರಲಿಲ್ಲ' ಎಂದಿತ್ತು. ಈಗ ಆ ಪೆಟ್ಟಿಗೆಯ ಪುಸ್ತಕ ಐದು ಭಾಷೆಯಲ್ಲಿದೆ. ಐದನೆಯದು ನಮ್ಮದು. ಅದರ ಮೊದಲ ಪುಟದಲ್ಲಿ ತಗಡು ಯಾಕೆ ಕಪ್ಪಾಗಿರಬೇಕು ಎಂದು ಬರೆದಿದೆ, ಹೇಳಿದವರು ಸುಣ್ಣದತ್ತೆ ಎಂದೂ ಬರೆದಿದೆ. ಅದು ಮೂವತ್ತಾರು ದೇಶ ಸುತ್ತಿದೆ ಎಂದು ಅವಳು ಹೇಳುತ್ತಾಳೆ. ಮೂರು ಎಂದು ಸೊಸೆ ಹೇಳುತ್ತಾಳೆ.

ಲಾರಿ ಹೋದ ಮರುದಿನ ಬೀದಿಯವರು ಎದ್ದು ನೋಡಿದರೆ ಪೆಟ್ಟಿಗೆಯ ನಾಲ್ಕು ಮೋಟು ಕಾಲುಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಅತ್ತೆ," ಎಂದು ಸೊಸೆ ಸೊಂಟದ ಮೇಲೆ ಕೈ ಇಟ್ಟಳು.

"ಕಾಲಿಗೆ ಬಿಸಿ ಯಾಕೆ ಬೇಕು?" ಎಂದಳು ಸುಣ್ಣದತ್ತೆ. "ಎಂಜಿನಿಯರಮ್ಮನ್ನ ಕೇಳಿಯೇ ಬಳಿದಿದ್ದು."

ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಊರಿನ ಮೂಲೆಯಲ್ಲೂ ಯಾರೋ ಕೊಟ್ಟುಹೋದ ಒಂದು ಪಂಪು, ಒಂದು ದೀಪ, ಒಂದು ಪೆಟ್ಟಿಗೆ ಮುನಿಸಿಕೊಂಡು ನಿಂತಿರಬಹುದು. ಈ ವಾರದ ಸಂಘದ ಸಭೆಯಲ್ಲಿ ಅದರ ಮಾತೆತ್ತಿ. ಅದು ಯಾವತ್ತು ನಿಂತಿತು, ಅದರ ಹಿಂದಿನ ದಿನ ನಾವು ಏನು ಮಾಡಿದ್ದೆವು ಎಂದು ನೆನಪು ಮಾಡಿಕೊಳ್ಳಿ. ಹೊಸದನ್ನು ತರುವವರು ಬಂದರೆ ಅವರನ್ನು ಸುಮ್ಮನೆ ಕಳಿಸಬೇಡಿ. ಇದು ಹೇಗೆ ಕೆಲಸ ಮಾಡುತ್ತದೆ, ಕೆಟ್ಟರೆ ನಮ್ಮಲ್ಲಿ ಯಾರು ರಿಪೇರಿ ಮಾಡಬೇಕು, ಬಿಡಿಭಾಗ ನಮ್ಮ ಪೇಟೆಯಲ್ಲೇ ಸಿಗುತ್ತದೆಯೇ ಎಂದು ಕೇಳಿ. ಅವರು ಕೇಳದಿದ್ದರೂ ನಿಮ್ಮ ಕೆಲಸ, ನಿಮ್ಮ ಎತ್ತರ, ನಿಮ್ಮ ಇರುವೆಗಳ ಸಂಗತಿ ಹೇಳಿ. ದೊಡ್ಡವರ ಮುಂದೆ ಇಷ್ಟು ಸಣ್ಣ ಮಾತು ಹೇಗೆ ಎಂದು ಸಂಕೋಚ ಬೇಡ. ಒಂದು ಮನೆಯ ಚೀಲ ಬಾಗಿಲಿನಿಂದ ಒಳಗೆ ಹೋದದ್ದು ಅಷ್ಟು ಸಣ್ಣ ಮಾತಿನಿಂದಲೇ.

ಮತ್ತೆ, ಪೆಟ್ಟಿಗೆಯ ಮೇಲೆ ಒದ್ದೆ ಬಟ್ಟೆ ಹರವಿದ್ದರೆ ಇವತ್ತೇ ತೆಗೆದುಬಿಡಿ.